ಎರಡು ತೊಟ್ಟು ಎಣ್ಣೆ

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿದ ಚಂದ್ರಶೇಖರಾಚಾರಿಯ ಮನೆಯಲ್ಲಿ ಮುಂದೆ ಮರಗೆಲಸದ ಅಂಗಡಿ, ಹಿಂದೆ ವಾಸ. ನಡುವೆ ಒಂದೇ ಗೋಡೆ. ಹಲಗೆ ನುಣುಪು ಮಾಡುವ ಮಿಷನ್ನು ಬೆಳಿಗ್ಗೆ ಶುರುವಾದರೆ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಅದುರುತ್ತಿದ್ದವು. ಆ ಸದ್ದಿನಲ್ಲೂ ಮೊಮ್ಮಗಳು ತೊಟ್ಟಿಲಲ್ಲಿ ನೆಮ್ಮದಿಯಾಗಿ ಮಲಗಿರುವುದನ್ನು ಬಾಗಿಲು ಕಿಟಕಿ ಮಾಡಿಸಲು ಬಂದವರಿಗೆಲ್ಲ ತೋರಿಸುವುದು ಆಚಾರಿಗೊಂದು ಖುಷಿ.

"ಆಚಾರ್ರ ಮನೆ ಕೂಸು ಅಂದ್ರೆ ಇಂಗಿರ್ಬೇಕು ನೋಡಿ. ಒಟ್ಟೇಲಿದ್ದಾಗ್ಲೇ ಮಿಷನ್ ಸದ್ದು ಕೇಳ್ಕಂಡು ಬೆಳೆದದ್ದು. ಅಲುಗಾಡಾಕಿಲ್ಲ," ಎನ್ನುತ್ತಿದ್ದ.

ಮಗುವಿನ ತಾಯಿ ರಾಧಾಮಣಿ ಆ ಮನೆಗೆ ಸೊಸೆಯಾಗುವ ಮುಂಚೆಯೇ ಮೊಮ್ಮಗಳು. ಆಚಾರಿ ತನ್ನ ಹಿರಿಮಗಳು ಯಶೋದಮ್ಮನನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದ. ಅವಳ ದೊಡ್ಡ ಮಗಳೇ ರಾಧಾಮಣಿ. ಸೋದರಮಾವ, ಆಚಾರಿಯ ದೊಡ್ಡ ಮಗ ಮೋಹನ್ ಕುಮಾರನನ್ನೇ ಮದುವೆಯಾಗಿದ್ದಳು. ಹಾಗಾಗಿ ಆಚಾರಿಯ ಹೆಂಡತಿ ಸುಬ್ಬಮ್ಮ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಕರೆಯುವುದು ಮಾತ್ರ ಹುಟ್ಟಿದಾಗಿನಿಂದ ಕರೆದಂತೆ ಅಜ್ಜಿ, ತಾತ, ಗಂಡನನ್ನು ಮಾವ.

ಯಶೋದಮ್ಮ ಗಂಡನಿಲ್ಲದವಳು. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮಗಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಬಿಡುವು ಸಿಗುವಂತಿರಲಿಲ್ಲ. "ತವರುಮನೆ ಯಾವುದು, ಗಂಡನ ಮನೆ ಯಾವುದು ಇವ್ಳಿಗೆ? ಎಲ್ಲಾ ಒಂದೇಯ. ಬಾಣಂತನ ನಾನೇ ಮಾಡ್ತೀನಿ ಬುಡು," ಎಂದು ಸುಬ್ಬಮ್ಮ ಮಗಳಿಗೆ ಹೇಳಿ ಹೊತ್ತುಕೊಂಡಿದ್ದಳು.

ಮಕ್ಕಳಿಗೆ ನೀರು ಎರೆಯುವುದರಲ್ಲಿ ಸುಬ್ಬಮ್ಮ ಆ ಬೀದಿಗೇ ಹೆಸರಾದವಳು. ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಹಾಕಿಕೊಂಡರೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. "ಯಾರ ಮಗಳೇ ನೀನು? ಈ ಮೂಗು ಯಾರ್ದೇ, ತಾತನ ಉಳಿ ಇದ್ದಂಗದೆ? ಅಳ್ತೀಯಾ? ಅಳು, ಅಳು, ಎದೆ ಗಟ್ಟಿಯಾಗ್ತದೆ." ಮೈ ಒರೆಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಕೊನೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಆರಿಸಿದ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ಒಂದೊಂದು ಕಿವಿಗೆ ಎರಡು ತೊಟ್ಟು ಬಿಡುವಳು.

"ಕಿವಿಗೆ ಏನೂ ಬಿಡಬೇಡಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ರು ಅಜ್ಜಿ," ಎಂದಿದ್ದಳು ರಾಧಾಮಣಿ.

"ನಿಮ್ಮವ್ವಂಗೂ ನಾನೇ ಬುಟ್ಟಿದ್ದು, ನಿಂಗೂ ನಾನೇ ಬುಟ್ಟಿದ್ದು. ಇಬ್ರೂ ಕಿವುಡ್ರಾಗೋದ್ರಾ?"

ಮಗು ಹುಟ್ಟಿದಾಗ ನರ್ಸಮ್ಮ ಕಿವಿಗೆ ಸಣ್ಣದೊಂದು ಮಿಷನ್ನು ಇಟ್ಟು ನೋಡಿ, "ಎರಡೂ ಕಿವಿಯ ರಿಸಲ್ಟು ಸರಿಯಾಗಿ ಬರ್ತಿಲ್ಲ. ಒಳಗೆ ನೀರಿದ್ರೂ ಹಿಂಗಾಗುತ್ತೆ. ತಿಂಗಳಾದ ಮೇಲೆ ಇನ್ನೊಂದ್ಸಲ ಕರ್ಕೊಂಡು ಬನ್ನಿ," ಎಂದಿದ್ದಳು. ತಿಂಗಳಾದಾಗ ಬಾಣಂತಿಯನ್ನು ಗಾಳಿಗೆ ಕಳಿಸುವುದು ಬೇಡ ಎಂದಳು ಸುಬ್ಬಮ್ಮ. ಮೋಹನನಿಗೆ ಪಾಂಡವಪುರದ ಒಂದು ಹೊಸ ಮನೆಯ ಬಾಗಿಲುಗಳನ್ನು ಮುಗಿಸಿಕೊಡುವ ಅವಸರವಿತ್ತು. ರಾಧಾಮಣಿಯೂ ಮತ್ತೆ ಆ ಮಾತು ಎತ್ತಲಿಲ್ಲ.

ಮೂರನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ತೇಗದ ಹಲಗೆಗಳು ಜಾರಿ ಒಂದರ ಮೇಲೊಂದು ನೆಲಕ್ಕೆ ಬಿದ್ದವು. ಮೋಹನನ ತಮ್ಮ ಲೋಕೇಶ ಅವನ್ನು ಸರಿಸಲು ಹೋಗಿದ್ದ. ಅವನ ಎಡಗೈಯ ಎರಡು ಬೆರಳು ಕೆಲವು ವರ್ಷಗಳ ಹಿಂದೆ ಗರಗಸಕ್ಕೆ ಸಿಕ್ಕಿ ಹೋಗಿದ್ದವು. ಹಿಡಿತ ಸಾಲದೆ ಬಿಟ್ಟುಬಿಟ್ಟ. ಮನೆ ಕುಸಿದಂಥ ಸದ್ದು. ಅಡುಗೆಮನೆಯಲ್ಲಿ ಸುಬ್ಬಮ್ಮ "ಅಯ್ಯೋ ಶಿವನೇ!" ಎಂದು ಕೂಗಿದಳು. ಬೆಕ್ಕು ತೊಟ್ಟಿಲ ಕೆಳಗಿನಿಂದ ಹಾರಿ ಹಿತ್ತಲಿಗೆ ಓಡಿತು. ರಾಧಾಮಣಿಯ ಕೈಲಿದ್ದ ಹಾಲಿನ ಲೋಟ ಬಿತ್ತು.

ಮಗು ಎಚ್ಚರವಾಗಿತ್ತು. ತೊಟ್ಟಿಲಿಗೆ ಕಟ್ಟಿದ್ದ ಕೆಂಪು ಗಿಳಿಯನ್ನು ನೋಡುತ್ತಿತ್ತು. ಆ ಸದ್ದಿಗೆ ಅದರ ರೆಪ್ಪೆ ಕೂಡ ಮಿಟುಕಲಿಲ್ಲ. ಬೆರಳು ಚೀಪಿಕೊಂಡು ಗಿಳಿಯನ್ನೇ ನೋಡುತ್ತ ಕಾಲಾಡಿಸುತ್ತಿತ್ತು.

ರಾಧಾಮಣಿ ಚೆಲ್ಲಿದ ಹಾಲು ಒರೆಸಲಿಲ್ಲ. ಸ್ಟೀಲಿನ ತಟ್ಟೆ, ಸೌಟು ತಂದು ಮಗುವಿನ ತಲೆಯ ಹಿಂದೆ ನಿಂತು ಬಡಿದಳು. ಇನ್ನೂ ಜೋರಾಗಿ ಬಡಿದಳು.

"ಏನೇ ಅದು, ಮಲಗೋ ಮಗೀಗೆ?" ಎಂದು ಬಂದ ಸುಬ್ಬಮ್ಮ ಬಾಗಿಲಲ್ಲೇ ನಿಂತಳು.

"ಅಜ್ಜಿ, ಇವಳಿಗೆ ಕೇಳ್ತಿಲ್ಲ."

"ಏ, ಸುಮ್ಕಿರು. ಬಿಡ್ತು ಅನ್ನು. ಗಲಾಟೇಲಿ ಹುಟ್ಟಿದ್ ಕೂಸು, ಸದ್ದು ಅಭ್ಯಾಸ ಆಗದೆ."

"ನೀವು ಬಡೀರಿ, ನೋಡಿ."

ಸುಬ್ಬಮ್ಮ ತಟ್ಟೆ ಈಸಿಕೊಂಡಳು. ಬಡಿಯಲಿಲ್ಲ. ತಟ್ಟೆಯನ್ನು ತೆಗೆದುಕೊಂಡು ಹೋಗಿ ಗೂಡಿನಲ್ಲಿಟ್ಟಳು.

ಊಟಕ್ಕೆ ಬಂದ ಮೋಹನನ ಮುಂದೆ ಮುದ್ದೆ ಇಟ್ಟು ರಾಧಾಮಣಿ ಅದನ್ನೇ ಹೇಳಿದಳು. ಅವನು ಉಪ್ಸಾರಿನಲ್ಲಿ ಬೆರಳು ಅದ್ದಿಕೊಂಡು ಹಾಗೇ ಕೂತ.

"ಅವತ್ತು ನರ್ಸಮ್ಮ ಹೇಳಿದ್ರಲ್ಲ ಮಾವ, ತಿಂಗಳು ಬಿಟ್ಟು ಬನ್ನಿ ಅಂತ."

"ನೀನ್ಯಾಕೆ ಗ್ಯಾಪ್ನ ಮಾಡ್ನಿಲ್ಲ?"

"ನಾನು ಮಾಡಿದ್ರೆ ನೀವು ಬರ್ತಿದ್ರಾ?"

"ಬರ್ನಿಲ್ಲ ಅಂತಾನೇ ಇಟ್ಕ. ನೀನು ಗ್ಯಾಪ್ನ ಮಾಡಿದ್ಯಾ?" ಎಂದು ಅವನು ತಟ್ಟೆ ಸರಿಸಿ ಎದ್ದ.

ಮೈಸೂರಿನ ಕಿವಿ ಆಸ್ಪತ್ರೆಗೆ ಆಚಾರಿಯೇ ಮಗ ಸೊಸೆಯನ್ನು ಕರೆದುಕೊಂಡು ಹೊರಟ. ಮೊದಲ ದಿನ ಮಗು ಮಲಗಲೇ ಇಲ್ಲ, ಪರೀಕ್ಷೆ ಅರ್ಧಕ್ಕೇ ನಿಂತಿತು. ಮತ್ತೊಂದು ದಿನ ಹೋದಾಗ ನಿದ್ದೆ ಬರಿಸಿ, ತಲೆಗೆ ವೈರು ಅಂಟಿಸಿ, ಕಿವಿಗೆ ಸದ್ದು ಬಿಟ್ಟು ನೋಡಿದರು. ಕೊನೆಗೆ ಡಾಕ್ಟರಮ್ಮ ಮೂವರನ್ನೂ ಒಳಗೆ ಕೂರಿಸಿಕೊಂಡರು.

"ಎರಡೂ ಕಿವಿ ತುಂಬಾ ಕಡಿಮೆ ಕೇಳ್ತಿದೆ. ಕೇಳ್ತಿಲ್ಲ ಅಂತಲೇ ಹೇಳಬೇಕು. ಒಳಗಿವಿಯ ತೊಂದರೆ, ಹುಟ್ಟುವಾಗಲೇ ಇದ್ದದ್ದು. ಇನ್ನು ತಡ ಮಾಡೋದು ಬೇಡ. ಮೊದಲು ಕಿವಿಗೆ ಮಿಷನ್ನು ಹಾಕೋಣ. ಅದರಿಂದ ಸಾಲದಿದ್ರೆ ವರ್ಷ ತುಂಬೋ ಹೊತ್ತಿಗೆ ಆಪರೇಷನ್ ಬಗ್ಗೆ ಮಾತಾಡೋಣ."

"ನಮ್ಮ ಮನೇಲಿ ಎಣ್ಣೆ ಬಿಡ್ತಿದ್ರು ಮೇಡಂ," ಎಂದಳು ರಾಧಾಮಣಿ. "ಅದರಿಂದ ಹಿಂಗಾಯ್ತಾ?"

"ಎಣ್ಣೆ ಬಿಡಲೇಬಾರದು. ಕಿವಿಯಲ್ಲಿ ಸೋಂಕಾಗುತ್ತೆ, ಕೀವು ಬರುತ್ತೆ. ಇವತ್ತಿಂದ ನಿಲ್ಲಿಸಿ. ಆದರೆ ಈ ಕಿವುಡು ಎಣ್ಣೆಯಿಂದ ಬಂದದ್ದಲ್ಲ." ಡಾಕ್ಟರಮ್ಮ ಒಂದು ಕ್ಷಣ ಬಿಟ್ಟು ಕೇಳಿದರು: "ಗಂಡ ಹೆಂಡತಿ ಸಂಬಂಧಿಕರಾ?"

"ಅಕ್ಕನ ಮಗಳು," ಎಂದ ಮೋಹನ.

"ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ್ರೆ ಇಂಥದ್ದು ಜಾಸ್ತಿ. ಆಗೇ ಆಗುತ್ತೆ ಅಂತಲ್ಲ. ಕಾರಣ ಇದೇ ಅಂತಲೂ ಈಗಲೇ ಹೇಳೋಕಾಗಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಗು ಯೋಚನೆ ಮಾಡೋ ಮುಂಚೆ ಮಾಡಿಸಿ."

ಆಚಾರಿ ಗಂಟಲು ಸರಿಮಾಡಿಕೊಂಡ. "ನನ್ನ ಎರಡ್ನೇ ಮಗಂಗೂ ಈ ಹುಡುಗಿ ತಂಗೀನೇ ಗೊತ್ತು ಮಾಡಿದೀವಿ. ವೀಳ್ಯ ಆಗೋಗದೆ."

"ಹಾಗಾದ್ರೆ ಅವರನ್ನೂ ಕರ್ಕೊಂಡು ಬನ್ನಿ. ಎಲ್ಲಾ ತಿಳ್ಕೊಂಡು ಅವರೇ ತೀರ್ಮಾನ ಮಾಡ್ಲಿ," ಎಂದರು ಡಾಕ್ಟರಮ್ಮ.

ಬಸ್ ಸ್ಟ್ಯಾಂಡಿನಲ್ಲಿ ಆಚಾರಿ ಮೂವರಿಗೂ ಟೀ ತರಿಸಿದ. ತನ್ನ ಟೀ ಕುಡಿಯಲಿಲ್ಲ.

"ಲೋಕೇಶಂಗೆ ಎಷ್ಟು ಕಡೆ ಎಣ್ಣು ನೋಡ್ದೆ ನಾನು? ನಾಗಮಂಗಲ, ಮದ್ದೂರು, ಎಲ್ಲಾ ಅಲೆದೆ," ಎಂದ. "ಕೈ ನೋಡ್ತಾರೆ, ಎದ್ದೋಗ್ತಾರೆ. ಇವ್ಳ ತಂಗಿ ಒಬ್ಳೇ ಒಪ್ಪಿರಾದು. ಈ ಮಾತು ಕೇಳುದ್ರೆ ಯಶೋದ ಮಗಳನ್ನ ಕೊಟ್ಟಾಳಾ?"

ಮೋಹನ ರಸ್ತೆಯ ಕಡೆ ನೋಡುತ್ತಿದ್ದ. "ಏನ್ ಮಾಡಾದು ಅಂತೀಯಪ್ಪ?"

"ಎಣ್ಣೆ ಬಿಡಬಾರ್ದು ಅಂದ್ರು ತಾನೆ? ಅಷ್ಟೇಯ. ಅಷ್ಟೇ ಯೋಳಾದು. ಎಣ್ಣೆ ಬುಟ್ಟು ಇಂಗಾಯ್ತು."

"ತಾತ, ಅಜ್ಜಿ ಮೇಲೆ ಬರುತ್ತೆ," ಎಂದಳು ರಾಧಾಮಣಿ.

"ಮನೆಯೋಳು ಅಲ್ವಾ, ತಡ್ಕತಾಳೆ. ಮದುವೆ ಒಂದು ಆಗೋಗ್ಲಿ, ಆಮೇಲೆ ನಾನೇ ಸರಿ ಮಾಡ್ತೀನಿ." ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನಿಂಗೂ ಅದೇ ಒಳ್ಳೇದು ಕಣವ್ವ. ಒಟ್ಟೆಯಿಂದ್ಲೇ ಬಂದದ್ದು ಅಂದ್ರೆ ಜನ ಯಾರನ್ನ ಅಂತಾರೆ? ಎತ್ತೋಳನ್ನ ತಾನೆ?"

ರಾಧಾಮಣಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆಯಲ್ಲಿ ಯಶೋದಮ್ಮ ಬಂದು ಕಾದಿದ್ದಳು, ಜೊತೆಗೆ ಕಿರಿಮಗಳು ಹೇಮಶ್ರೀ. ಎದುರುಮನೆಯ ಬೆಟ್ಟಮ್ಮನೂ ಜಗುಲಿಯಲ್ಲಿ ಕೂತಿದ್ದಳು. ಚಪ್ಪಲಿ ಬಿಡುವ ಮುಂಚೆಯೇ ಯಶೋದಮ್ಮ ಕೇಳಿದಳು, "ಏನಂದ್ರಪ್ಪ?"

"ಕೇಳಾಕಿಲ್ಲವಂತೆ. ಎರಡು ಕಿವೀನೂ." ಆಚಾರಿ ಕಂಬ ಹಿಡಿದುಕೊಂಡು ನಿಂತ. "ಎಣ್ಣೆ ಬುಟ್ಟು ಬುಟ್ಟು ಇಂಗಾಗದೆ ಅಂದ್ರು."

ಅಡುಗೆಮನೆಯ ಬಾಗಿಲಲ್ಲಿದ್ದ ಸುಬ್ಬಮ್ಮನ ಕೈಯಲ್ಲಿ ಅವರೆಕಾಳಿನ ಮೊರವಿತ್ತು. ಅದನ್ನು ನೆಲದ ಮೇಲಿಟ್ಟಳು.

"ನಾನು ಬುಟ್ಟ ಎಣ್ಣೆಯಿಂದ್ಲಾ?"

"ಇನ್ಯಾರು ಬುಟ್ರು?" ಎಂದು ಯಶೋದಮ್ಮ ತಾಯಿಯ ಮೇಲೆ ತಿರುಗಿದಳು. "ಬ್ಯಾಡ ಅಂತ ಇವ್ಳು ಯೋಳ್ನಿಲ್ವಾ? ಬೀದಿ ಮಕ್ಕಳಿಗೆಲ್ಲಾ ಎರೆದಿದೀನಿ ಅಂತ ಜಂಬ ನಿಂಗೆ. ಎಣ್ಣುಮಗೀನ ಬಾಳೇ ಆಳು ಮಾಡ್ದಲ್ಲವ್ವ!"

ಸುಬ್ಬಮ್ಮ ಗಂಡನನ್ನು ನೋಡಿದಳು. ಅವನು ಮುಖ ತೊಳೆಯಲು ಬಚ್ಚಲಿಗೆ ಹೋದ. ಮಗನನ್ನು ನೋಡಿದಳು. ಅವನು ಅಂಗಡಿಯ ಬೀಗದ ಕೈ ಹುಡುಕುತ್ತಿದ್ದ. ಬೆಟ್ಟಮ್ಮ ಬಂದು ರಾಧಾಮಣಿಯ ತಲೆ ಸವರಿ, "ನಿನ್ನ ತಪ್ಪು ಏನಿದ್ದದವ್ವ, ಪಾಪ," ಎಂದಳು. ರಾಧಾಮಣಿಗೆ ಅಳು ಬಂತು. ಅಳುವಾಗಲೂ ಎದೆಯೊಳಗೆ ಒಂದು ಭಾರ ಇಳಿದಂತಾಯಿತು. ಅದು ಅವಳಿಗೇ ಗೊತ್ತಾಯಿತು.

ಮಾರನೆಯ ಬೆಳಿಗ್ಗೆಯಿಂದ ಸುಬ್ಬಮ್ಮ ಮಗುವಿಗೆ ಎರೆಯಲಿಲ್ಲ. ನೀರು ಕಾಯಿಸಿಟ್ಟು, ಬಚ್ಚಲಲ್ಲಿ ಮಣೆ ಹಾಕಿ, ಆಚೆ ಹೋಗಿ ಕೂತಳು. ರಾಧಾಮಣಿಗೆ ಎರೆಯಲು ಬಾರದೆ ಮಗುವಿನ ಕಣ್ಣಿಗೆ ಸೋಪು ಹೋಗಿ ಅದು ಉಸಿರುಗಟ್ಟಿ ಅತ್ತರೂ ಎದ್ದು ಬರಲಿಲ್ಲ. ಎಣ್ಣೆ ಕಾಯಿಸುತ್ತಿದ್ದ ಕಬ್ಬಿಣದ ಒಗ್ಗರಣೆ ಸೌಟನ್ನು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟಳು. ಬೆಟ್ಟಮ್ಮನ ಮಗಳು ಹೆರಿಗೆಗೆಂದು ಬಂದಿದ್ದಳು. ಕೂಸಿಗೆ ನೀರು ಎರೆಯಲು ಸುಬ್ಬಮ್ಮನೇ ಬರಬೇಕೆಂದು ಮೊದಲೇ ಹೇಳಿಟ್ಟಿದ್ದರು. ಮಗು ಹುಟ್ಟಿದಾಗ ಗಂಜಾಂನಿಂದ ಬೇರೆ ಯಾರನ್ನೋ ಕರೆಸಿಕೊಂಡರು. ಎದುರುಮನೆಯ ಬಚ್ಚಲಿಂದ ಆ ಕೂಸಿನ ಅಳು ಕೇಳಿಸುವಾಗ ಸುಬ್ಬಮ್ಮ ಹಿತ್ತಲಿಗೆ ಹೋಗಿ ಪಾತ್ರೆ ಉಜ್ಜಲು ಕೂರುತ್ತಿದ್ದಳು. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಳು.

ಎಲ್ಲರಿಗೂ ಬಡಿಸಿ ಆದ ಮೇಲೆ ತಾನು ಅರ್ಧ ಮುದ್ದೆ ಮುರಿದುಕೊಳ್ಳುವಳು. ಅದನ್ನೂ ಮುಗಿಸುತ್ತಿರಲಿಲ್ಲ.

"ಉಣ್ಣು, ಸಾಯ್ಬೇಡ," ಎಂದ ಆಚಾರಿ ಒಂದು ದಿನ.

"ಉಣ್ತೀನಿ."

"ಆಗಿದ್ದು ಆಗೋಯ್ತು. ಯಾರು ಬೇಕಂತ ಮಾಡಿದ್ದಾರು?"

"ಅಂಗಲ್ಲ. ಯಶೋದಂಗೂ ಬುಟ್ಟಿದ್ದೆ. ಮೋಹನಂಗೂ, ಲೋಕೇಶಂಗೂ ಬುಟ್ಟಿದ್ದೆ. ಈ ಮಗೀಗೆ ಬಿಸಿ ಎಚ್ಚಾಗಿತ್ತೇನೋ. ಅವತ್ತೊಂದಿನ ಬೆರಳು ಅದ್ದಿ ನೋಡ್ನಿಲ್ಲವೇನೋ ನಾನು." ಅವಳು ತನ್ನ ಬೆರಳ ತುದಿಯನ್ನು ನೋಡಿಕೊಂಡಳು. ಆಚಾರಿ ಮಜ್ಜಿಗೆ ಕುಡಿದು ಎದ್ದು ಹೋದ.

ಕೆಲವು ದಿನ ಕಳೆದು, ಮನೆಯಲ್ಲಿ ಯಾರೂ ಇಲ್ಲದಾಗ ಸುಬ್ಬಮ್ಮ ರಾಧಾಮಣಿಯ ಹತ್ತಿರ ಬಂದು ಕೂತಳು. ಮಗುವಿನ ಬಟ್ಟೆ ಮಡಿಸುತ್ತ ಕೇಳಿದಳು.

"ರಾಧಾ, ಡಾಕ್ಟ್ರು ಎಂಗಂದ್ರು? ಅವರಂದ ಮಾತು ಅಂದಂಗೇ ಯೋಳು. ನಾನೇನೂ ಅಂದ್ಕಳಾಕಿಲ್ಲ."

ತೊಟ್ಟಿಲು ತೂಗುತ್ತಿದ್ದ ರಾಧಾಮಣಿಯ ಕೈ ನಿಂತಿತು. ಹೊರಗೆ ಅಂಗಡಿಯಲ್ಲಿ ಲೋಕೇಶ ಯಾರಿಗೋ ಮರದ ಬೆಲೆ ಹೇಳುತ್ತಿದ್ದ.

"ತಾತ ಹೇಳಿದ್ದೇ ಅಜ್ಜಿ," ಎಂದಳು.

"ಅಂಗಾ," ಎಂದಳು ಸುಬ್ಬಮ್ಮ. ಮಡಿಸಿದ ಬಟ್ಟೆಗಳನ್ನು ಅಲ್ಲಿಯೇ ಇಟ್ಟು ಎದ್ದಳು.

ಆ ಸಂಜೆ ರಾಧಾಮಣಿ ಗಂಡನೊಂದಿಗೆ ಜಗಳ ತೆಗೆದಳು.

"ನನ್ನ ಕೈಲಿ ಆಗಲ್ಲ ಮಾವ. ಹೇಳಿಬಿಡಿ. ಅಜ್ಜಿ ಸತ್ತುಹೋಗ್ತಾರೆ."

"ಏನೂ ಸಾಯಲ್ಲ. ಇನ್ನೊಂದು ತಿಂಗಳು ತಡ್ಕ. ಛತ್ರಕ್ಕೆ ಹೇಳಾಗದೆ."

"ಹೇಮಂಗೂ ಹಿಂಗೇ ಆದ್ರೆ?"

"ಆಗೇ ಆಗ್ತದೆ ಅಂತ ಅಂದ್ರಾ ಅವ್ರು? ಇಲ್ವಲ್ಲ."

"ಆಗಲ್ಲ ಅಂತಲೂ ಅನ್ನಲಿಲ್ಲ."

"ಹೋಗು, ನೀನೇ ಯೋಳು ಹೋಗು! ಬೀದೀಲಿ ನಿಂತ್ಕಂಡು ಯೋಳು, ನನ್ನ ಒಟ್ಟೇಲೇ ದೋಷ ಅದೆ ಅಂತ!" ಎಂದುಬಿಟ್ಟ ಮೋಹನ. ಹೇಳಿದ ಮೇಲೆ ಅವನೇ ತಲೆ ತಗ್ಗಿಸಿದ. "ನನ್ನಲ್ಲೂ ಇದ್ದದೇನೋ. ಗೊತ್ತಿಲ್ಲ. ಬುಡು," ಎಂದು ಬೈಕು ತೆಗೆದುಕೊಂಡು ಹೊರಟುಹೋದ.

ಮಿಷನ್ನಿಗೆಂದು ಮಗುವಿನ ಕಿವಿಯ ಅಚ್ಚು ತೆಗೆಸಲು ಮತ್ತೆ ಮೈಸೂರಿಗೆ ಹೋದಾಗ ಅಲ್ಲಿ ಮಾತು ಕಲಿಸುವ ಹುಡುಗಿ ರಾಧಾಮಣಿಗೆ ಹೇಳಿದಳು: "ಮಿಷನ್ನು ಹಾಕಿದ ಮೇಲೆ ಮನೆಯವರೆಲ್ಲ ಮಗುವಿನ ಹತ್ತಿರ ಕೂತು ಮಾತಾಡ್ತಾನೇ ಇರಬೇಕು. ಸ್ನಾನ ಮಾಡಿಸುವಾಗ, ಹಾಲು ಕೊಡುವಾಗ, ಏನು ಮಾಡಿದ್ರೂ ಹೇಳ್ಕೊಂಡು ಮಾಡಬೇಕು. ನಿಮ್ಮನೇಲಿ ಜಾಸ್ತಿ ಮಾತಾಡೋರು ಯಾರು?"

"ನಮ್ಮಜ್ಜಿ," ಎಂದಳು ರಾಧಾಮಣಿ.

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಒಂದ್ಸಲ."

ಮನೆಗೆ ಬಂದು ಅದನ್ನು ಹೇಳಿದಾಗ ಸುಬ್ಬಮ್ಮ, "ನಾನು ಮುಟ್ಟಾಕಿಲ್ಲ ಕಣವ್ವ ಆ ಮಗೀನ. ಇನ್ನೇನಾದ್ರೂ ಆಗೋದೀತು," ಎಂದು ಸೌದೆ ಒಡೆಯಲು ಹೋದಳು.

ಮದುವೆ ಬಟ್ಟೆಗೆಂದು ಯಶೋದಮ್ಮ, ಹೇಮಶ್ರೀ ಮತ್ತೆ ಬಂದರು. ಹೇಮಶ್ರೀ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಕೇಳಿದ್ದನ್ನು ಮತ್ತೆ ಕೇಳುವ ಸ್ವಭಾವದವಳು. ನಾಲೆಯಲ್ಲಿ ಬಟ್ಟೆ ಒಗೆಯುವಾಗ ಅಕ್ಕನನ್ನು ಕೇಳಿದಳು.

"ಅಕ್ಕ, ಎಣ್ಣೆ ಬಿಟ್ರೆ ಒಳಗಿವಿ ಹೋಗುತ್ತಾ? ಮೊಬೈಲಲ್ಲಿ ನೋಡಿದ್ರೆ ಬೇರೆ ಏನೇನೋ ಇದೆ."

ರಾಧಾಮಣಿ ಹಿಂಡುತ್ತಿದ್ದ ಪಂಚೆಯನ್ನು ಇನ್ನೊಂದು ಸಲ ಹಿಂಡಿದಳು. "ನಂಗೇನು ಗೊತ್ತಾಗುತ್ತೆ. ನಾಳೆ ಮಿಷನ್ನು ಕೊಡ್ತಾರೆ. ನಿಮ್ಮ ಮಾವಂಗೆ ಕೆಲಸ ಇದೆ. ನೀನು ಬಾ ನನ್ನ ಜೊತೆ. ಅವರನ್ನೇ ಕೇಳು."

ಹೇಮಶ್ರೀ ಹೋದಳು, ಕೇಳಿದಳು. ಡಾಕ್ಟರಮ್ಮ ಆಚಾರಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. "ಮದುವೆಯಾಗೋ ಹುಡುಗಿ ನೀವೇನಾ? ಬನ್ನಿ ಅಂತ ಅವತ್ತೇ ಹೇಳಿದ್ದೆನಲ್ಲ," ಎಂದೂ ಸೇರಿಸಿದರು. ರಾಧಾಮಣಿ ಪಕ್ಕದ ಕುರ್ಚಿಯಲ್ಲಿ ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಮಶ್ರೀ ಒಂದೇ ಮಾತು ಕೇಳಿದಳು. "ನಿಂಗೆ ಗೊತ್ತಿತ್ತು?"

ರಾಧಾಮಣಿ ತಲೆಯಾಡಿಸಿದಳು.

"ಗೊತ್ತಿದ್ದೂ ನನ್ನ ಮದುವೆ ಬ್ಲೌಸಿನ ಅಳತೆ ಕೊಟ್ಟು ಬಂದ್ಯಲ್ಲಕ್ಕ!"

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಸುಬ್ಬಮ್ಮ ಹುರುಳಿಕಾಳಿನ ಸಾರು ಬಡಿಸುತ್ತಿದ್ದಳು. ಹೇಮಶ್ರೀ ತಟ್ಟೆಗೆ ಕೈ ಹಾಕಲಿಲ್ಲ.

"ತಾತ, ನಾನು ಲೋಕೇಶ್ ಮಾವನ್ನ ಮದುವೆ ಆಗಲ್ಲ."

"ಏನೇ ಬೊಗಳ್ತಿದ್ದೀಯ?" ಎಂದು ಯಶೋದಮ್ಮ ಮಗಳ ತೋಳು ಹಿಡಿದಳು.

"ಡಾಕ್ಟ್ರನ್ನ ಕೇಳ್ಕೊಂಡು ಬಂದೆ ಅವ್ವ. ಪಾಪು ಹುಟ್ಟುವಾಗಲೇ ಕಿವುಡು. ಎಣ್ಣೆಗೂ ಅದಕ್ಕೂ ಸಂಬಂಧ ಇಲ್ಲ. ಸಂಬಂಧದಲ್ಲಿ ಮದುವೆ ಆಗಿದ್ದಕ್ಕೆ ಇರಬಹುದು ಅಂದ್ರು. ನನ್ನನ್ನೂ ಕರ್ಕೊಂಡು ಬನ್ನಿ ಅಂತ ತಾತಂಗೆ ಹೇಳಿ ಕಳಿಸಿದ್ರಂತೆ. ಮೋಹನ್ ಮಾವಂಗೆ ಗೊತ್ತು, ಅಕ್ಕಂಗೂ ಗೊತ್ತು. ಎಲ್ಲಾರ್ಗೂ ಗೊತ್ತು."

ಲೋಕೇಶ ತುತ್ತು ಕೈಯಲ್ಲಿಟ್ಟುಕೊಂಡು ಅಪ್ಪನನ್ನು ನೋಡಿದ. "ನಂಗೆ ಗೊತ್ತಿಲ್ಲ. ನಿಜವೇನಪ್ಪ?"

ಆಚಾರಿ ತಟ್ಟೆಯನ್ನು ತಳ್ಳಿದ. ಸಾರು ನೆಲಕ್ಕೆ ಚೆಲ್ಲಿತು. "ನಿನ್ನ ಬಾಳು ನೆಟ್ಟಗಾಗ್ಲಿ ಅಂತ ಮಾಡಿದ್ದು ಕಣ್ಲಾ! ಈ ಕೈ ನೋಡ್ಕಂಡು ಇನ್ಯಾವಳು ಬತ್ತಾಳೆ ನಿಂಗೆ?"

"ಬರ್ದಿದ್ರೆ ಬ್ಯಾಡ ಬುಡು. ನಾನು ಕೇಳುದ್ನಾ? ನನ್ನ ಕೈಗೋಸ್ಕರ ಅವ್ವನ್ನ ಬಲಿ ಕೊಟ್ಟುಬುಟ್ಟಲ್ಲಪ್ಪ ನೀನು!" ಲೋಕೇಶ ಎದ್ದು, ತೊಳೆಯದ ಕೈಯಲ್ಲೇ ಅಂಗಡಿಯ ಕತ್ತಲೆಗೆ ಹೋದ.

ಯಶೋದಮ್ಮ ತಾಯಿಯ ಕಡೆ ನೋಡಲಾರದೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸುಬ್ಬಮ್ಮ ಮಾತ್ರ ಅಳಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟು, ಬಟ್ಟೆ ತಂದು, ಗಂಡ ಚೆಲ್ಲಿದ ಸಾರನ್ನು ಒರೆಸಿದಳು. ಒರೆಸುತ್ತಲೇ ಹೇಳಿದಳು.

"ಕೇಳ್ಬೌದಿತ್ತು ನೀನು. ಲೋಕೇಶನ ಮದುವೆಗೆ ಬೇಕು, ತಪ್ಪನ್ನ ನಿನ್ನ ಮೇಲೆ ಆಕ್ತೀನಿ ಕಣೇ ಅಂತ ಒಂದು ಮಾತು ಕೇಳಿದ್ರೆ, ಊ ಅಂತಿದ್ದೆ. ಯಾರ ಮುಂದೇನೂ ಬಾಯಿ ಬುಡ್ತಿರ್ನಿಲ್ಲ."

"ನಿಂಗೆ ಯೋಳಬೇಕು ಅಂತ್ಲೇ ಇದ್ದೆ—" ಎಂದು ಆಚಾರಿ ಶುರು ಮಾಡಿದ.

"ಬೆರಳು ನೋಡ್ಕಂಡು ಕೂತಿದ್ದೆ ನಾನು. ನಿನ್ನೆದುರಿಗೇ ಕೂತಿದ್ದೆ. ನೀನು ಮಜ್ಜಿಗೆ ಕುಡಿದೆ."

ಆಮೇಲೆ ಅವಳು ಗಂಡನ ಹತ್ತಿರ ಮಾತಾಡಲಿಲ್ಲ.

ಮದುವೆ ನಿಂತಿತು. ಛತ್ರದವರಿಗೆ ಹೇಳಲು ಮೋಹನ ಹೋದ. ಲೋಕೇಶ ಅಪ್ಪನ ಮಿಷನ್ನು ಮುಟ್ಟಲಿಲ್ಲ; ಪಾಲಹಳ್ಳಿಯ ಕಡೆ ಇನ್ಯಾರದೋ ಕೆಳಗೆ ಕೆಲಸಕ್ಕೆ ಸೇರಿ ಅಲ್ಲಿಯೇ ಉಳಿದುಕೊಂಡ. ಬೆಟ್ಟಮ್ಮ ಬಂದು ಸುಬ್ಬಮ್ಮನನ್ನು ಮಾತಾಡಿಸಿದಳು. ಆದರೆ ಆ ದಿನದಿಂದ ರಾಧಾಮಣಿಯ ಕೈಯಿಂದ ಅರಿಶಿನ ಕುಂಕುಮ ಈಸಿಕೊಳ್ಳುವಾಗ ಒಂದು ಗಳಿಗೆ ತಡೆದು ಈಸಿಕೊಳ್ಳುತ್ತಿದ್ದಳು. ಆಚಾರಿ ಹೇಳಿದ್ದು ಸುಳ್ಳಾಗಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಎತ್ತೋಳು, ಒಟ್ಟೆ ಎಂದೇ ಮಾತಾಡಿಕೊಂಡರು.

ವಾರ ಕಳೆದು ಯಶೋದಮ್ಮ ಬಂದು ತಾಯಿಯ ಕಾಲ ಹತ್ತಿರ ಕೂತಳು. "ನನ್ನ ಜೊತೆ ಬಂದ್ಬುಡವ್ವ," ಎಂದಳು. ಸುಬ್ಬಮ್ಮ ಅವಳ ಮೇಲೆ ಕೋಪ ಮಾಡಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಎರಡು ಸೀರೆ, ಒಂದು ಕಂಬಳಿ ಚೀಲಕ್ಕೆ ಹಾಕಿಕೊಂಡಳು. ಆಚಾರಿ ಅಂಗಡಿಯಲ್ಲಿ ಕೂತು ಉಳಿ ಮಸೆಯುತ್ತಿದ್ದ. ಅವಳು ಮುಂದೆ ಹಾದುಹೋದಾಗ ಕೈ ನಿಲ್ಲಿಸಿದ. "ಯಾವಾಗ ಬತ್ತೀಯ?" ಎಂದ. ಅವಳು ರಸ್ತೆ ದಾಟಿದಳು.

ರಾಧಾಮಣಿ ಮಗುವನ್ನು ಎತ್ತಿಕೊಂಡು ಹಿಂದೆಯೇ ಬಸ್ ಸ್ಟಾಪಿಗೆ ಬಂದಳು.

"ಅಜ್ಜಿ, ಹೋಗಬೇಡಿ. ಆಸ್ಪತ್ರೆಯಲ್ಲಿ ನಿಮ್ಮನ್ನೇ ಕರ್ಕೊಂಡು ಬನ್ನಿ ಅಂದವ್ರೆ. ಇವಳ ಹತ್ರ ಮಾತಾಡೋರು ಬೇಕಂತೆ. ನಂಗೆ ನಿಮ್ಮಂಗೆ ಬರಲ್ಲ. ಎರಡು ಮಾತಾಡೋ ಹೊತ್ಗೆ ಏನು ಹೇಳಬೇಕೋ ಗೊತ್ತಾಗಲ್ಲ."

ಸುಬ್ಬಮ್ಮ ಚೀಲ ಕೆಳಗಿಟ್ಟು ಮಗುವಿನ ಪಾದ ಹಿಡಿದುಕೊಂಡಳು. ಎಷ್ಟೋ ದಿನದ ಮೇಲೆ ಮುಟ್ಟಿದ್ದು. ಹೆಬ್ಬೆರಳಿನಿಂದ ಅಂಗಾಲು ಸವರಿದಳು. ಮಗು ನಕ್ಕಿತು.

"ಬೈಯಿರಿ ಅಜ್ಜಿ, ಹೊಡೀರಿ. ಹೋಗ್ಬೇಡಿ. ತಾತ ಹಂಗೆ ಹೇಳಿದಾಗ ನಾನೇನು ಮಾಡ್ಲಿ?"

"ನಿಮ್ಮ ತಾತಂದು ಬುಡು. ಗಂಡಸು, ಮಗನ್ನ ನೋಡ್ಕಂಡ." ಸುಬ್ಬಮ್ಮನ ದನಿ ಏರಲಿಲ್ಲ. "ನಾನೇ ಬಂದು ಕೇಳುದ್ನಲ್ಲ ನಿನ್ನ, ಬಟ್ಟೆ ಮಡಿಸ್ಕಂಡು. ಅವತ್ತು ಮನೇಲಿ ಯಾರೂ ಇರ್ನಿಲ್ಲ. ಈ ಮಗೀಗೆ ಕಿವಿ ಕೇಳಲ್ಲ, ಬಾಯಿ ಬರಲ್ಲ. ನಿಂಗೆ ಎರಡೂ ಇತ್ತಲ್ಲವ್ವ."

ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಬಂತು. ಯಶೋದಮ್ಮ ಚೀಲ ಎತ್ತಿಕೊಂಡಳು. ಸುಬ್ಬಮ್ಮ ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತಳು. ಅಲ್ಲಿಂದ ರಾಧಾಮಣಿಗೆ ಅವಳ ತಲೆ ಮಾತ್ರ ಕಂಡಿತು.

ಬಸ್ಸು ಹೊರಟಿತು. ಮಗು ಕಿವಿಗೆ ಕೈ ಹಾಕಿ ಹೊಸ ಮಿಷನ್ನನ್ನು ಕಿತ್ತಿತು. ರಾಧಾಮಣಿ ಅದನ್ನು ಧೂಳಿನಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. ಮಗು ಮತ್ತೆ ಕಿತ್ತಿತು.